ಪರದೆಯ ಮೇಲೆ ‘ನೋ ಸಿಗ್ನಲ್’ ಬಂದಾಗ

(ಸಂಪಾಜೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕಛೇರಿಯ ಗಣಕಯಂತ್ರಗಳ ನಿರ್ವಹಣೆ ಎಂಬುದು ನನಗೆ ನೀಡಿರುವ ವಿಷಯ. ವಿಷಯ ದೊಡ್ಡದಾದುದರಿಂದ ಒಂದೇ ಒಂದು ತೊಂದರೆಯನ್ನು ಆರಿಸಿಕೊಂಡಿದ್ದೇನೆ. ಸ್ವಿಚ್ ಹಾಕಿದ ಮೇಲೂ ಮಾನಿಟರಿನ ಪರದೆ ಕಪ್ಪಾಗಿಯೇ ಉಳಿಯುತ್ತದೆ. ನಡುವೆ ‘ನೋ ಸಿಗ್ನಲ್’ ಎಂಬ ಎರಡು ಪದಗಳು ಮೂಡಿ, ಕೆಲವು ಕ್ಷಣಗಳಲ್ಲಿ ಅವೂ ಮರೆಯಾಗುತ್ತವೆ. ಇದು ತಂತ್ರಜ್ಞರಿಗೆ ಹೇಳಬೇಕಾದ ಮಾತು, ಸದಸ್ಯರಿಗೇಕೆ ಎಂದು ತಮಗೆ ಅನಿಸಬಹುದು. ಆದರೆ ಬಾಪೂಜಿ ಸೇವಾ ಕೇಂದ್ರದ ಎದುರು ನಿಂತ ಗ್ರಾಮಸ್ಥರಿಗೆ ‘ಕಂಪ್ಯೂಟರ್ ಕೆಟ್ಟಿದೆ, ನಾಳೆ ಬನ್ನಿ’ ಎಂಬ ಉತ್ತರ ದೊರೆತಾಗ, ಅವರು ಮೊದಲು ದೂರವಾಣಿ ಮಾಡುವುದು ತಮಗೆ. ರಿಪೇರಿಯ ಬಿಲ್ಲಿಗೆ ಸಭೆಯಲ್ಲಿ ಒಪ್ಪಿಗೆ ನೀಡುವವರೂ ತಾವೇ.

ಹಿಂದೆ ನಾನು ಸೇವೆಯಲ್ಲಿದ್ದ ಒಂದು ಪಂಚಾಯಿತಿಯಲ್ಲಿ ನಡೆದುದನ್ನು ಹೇಳುತ್ತೇನೆ. ಜುಲೈ ತಿಂಗಳ ಮಳೆ. ನಾನು ತಾಲ್ಲೂಕು ಕೇಂದ್ರದ ಸಭೆಯಲ್ಲಿದ್ದೆ. ಪರದೆಯಲ್ಲಿ ‘ನೋ ಸಿಗ್ನಲ್’ ಎಂದು ಬರುತ್ತಿದೆ ಎಂದು ಡಾಟಾ ಎಂಟ್ರಿ ಆಪರೇಟರ್ ಕರೆ ಮಾಡಿದರು. ಮುಟ್ಟಬೇಡಿ, ರಿಪೇರಿಯವರನ್ನು ಕರೆಸಿ ಎಂದೆ. ರಿಪೇರಿಯವರು ಮಳೆಯ ಕಾರಣ ಮೂರನೆಯ ದಿನ ಬಂದರು. ಅಷ್ಟರಲ್ಲಿ ಮನೆ ಸಾಲಕ್ಕಾಗಿ ಇ-ಸ್ವತ್ತು ನಮೂನೆ ಪಡೆಯಬೇಕಿದ್ದ ಹಿರಿಯರೊಬ್ಬರು ಎರಡು ಬಾರಿ ಬಸ್ಸಿನಲ್ಲಿ ಬಂದು ಬರಿಗೈಯಲ್ಲಿ ಮರಳಿದ್ದರು. ಕಛೇರಿ ಗುಡಿಸುವ ಅಕ್ಕನನ್ನು, ಪೊರಕೆ ತಗಲಿಸಿ ವೈರು ಎಳೆದಿರಬೇಕೆಂದು ಎಲ್ಲರೆದುರು ನಾನು ಗದರಿಸಿಯೂ ಆಗಿತ್ತು. ಬಂದವರು ಮಾನಿಟರಿನ ಹಿಂದೆ ಕೈ ಹಾಕಿ, ನೀಲಿ ತುದಿಯ ಕೇಬಲನ್ನು ಒತ್ತಿ, ಅದರ ಎರಡು ಬದಿಯ ಸ್ಕ್ರೂಗಳನ್ನು ತಿರುಗಿಸಿದರು. ಪರದೆ ಬೆಳಗಿತು. ಒಂದು ನಿಮಿಷದ ಕೆಲಸ. ಯಂತ್ರ ಕಛೇರಿಗೆ ಬಂದ ದಿನದಿಂದಲೂ ಆ ಸ್ಕ್ರೂಗಳನ್ನು ಯಾರೂ ಬಿಗಿ ಮಾಡಿರಲೇ ಇಲ್ಲ. ಕೇಬಲ್ ತನ್ನ ಭಾರಕ್ಕೇ ದಿನದಿನವೂ ಜಾರುತ್ತ ಬಂದಿತ್ತು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನು ನಾನು. ಆ ಅಕ್ಕನಲ್ಲಿ ಎಲ್ಲರೆದುರೇ ಕ್ಷಮೆ ಕೇಳಿದೆ. ಆ ಹಿರಿಯರ ಬಸ್ಸಿನ ಖರ್ಚನ್ನೂ ಎರಡು ದಿನಗಳನ್ನೂ ಮರಳಿಸುವ ದಾರಿ ನನಗೆ ತಿಳಿಯಲಿಲ್ಲ.

‘ನೋ ಸಿಗ್ನಲ್’ ಎಂದು ಬರೆಯುವುದು ಕಂಪ್ಯೂಟರ್ ಅಲ್ಲ, ಸ್ವತಃ ಮಾನಿಟರ್. ‘ನನಗೆ ವಿದ್ಯುತ್ ಬಂದಿದೆ, ನನ್ನ ಪರದೆ ಸರಿಯಿದೆ, ಆದರೆ ಕೇಬಲಿನಲ್ಲಿ ನನಗೆ ಏನೂ ಬರುತ್ತಿಲ್ಲ’ ಎಂಬುದಷ್ಟೇ ಅದರ ಅರ್ಥ. ನಮ್ಮ ಗುಡ್ಡದ ಊರುಗಳಲ್ಲಿ ನಳ್ಳಿಗೆ ನೀರು ಬಾರದಿದ್ದರೆ ಯಾರೂ ಮೊದಲು ನಳ್ಳಿಯನ್ನು ಬದಲಿಸುವುದಿಲ್ಲ. ಪೈಪಿನ ದಾರಿ ಹಿಡಿದು ಟ್ಯಾಂಕಿನವರೆಗೆ ನಡೆಯುತ್ತಾರೆ. ಇಲ್ಲಿಯೂ ಹಾಗೆಯೇ ನಡೆಯಬೇಕು. ಆದರೆ ಮಾನಿಟರಿನ ದೀಪವೂ ಉರಿಯದೆ, ಬರಹವೂ ಮೂಡದೆ ಇದ್ದರೆ ಅದು ಬೇರೆ ಸಂಗತಿ. ಆಗ ಮೊದಲು ನೋಡಬೇಕಾದುದು ಪವರ್ ಕೇಬಲ್, ಸ್ವಿಚ್ ಮತ್ತು ಯುಪಿಎಸ್.

ಮೊದಲ ಹೆಜ್ಜೆ ಕೇಬಲ್. ನೀಲಿ ತುದಿಯದು ವಿಜಿಎ. ಅದರೊಳಗೆ ಮೂರು ಸಾಲುಗಳಲ್ಲಿ ಹದಿನೈದು ಪಿನ್ನುಗಳಿಗೆ ಜಾಗವಿದೆ. ಚಪ್ಪಟೆಯಾದ ಚಿಕ್ಕ ತುದಿಯದು ಎಚ್‌ಡಿಎಂಐ. ಅದಕ್ಕೆ ಸ್ಕ್ರೂ ಇಲ್ಲವಾದ್ದರಿಂದ ಇನ್ನೂ ಸುಲಭವಾಗಿ ಸಡಿಲಗೊಳ್ಳುತ್ತದೆ. ಯಂತ್ರವನ್ನು ಆರಿಸಿ, ಕೇಬಲಿನ ಎರಡೂ ತುದಿಗಳನ್ನು ಕಳಚಿ, ಯಾವುದಾದರೂ ಪಿನ್ನು ಬಗ್ಗಿದೆಯೇ ಎಂದು ನೋಡಿ, ಮತ್ತೆ ಪೂರ್ತಿ ಒಳಗೆ ಒತ್ತಬೇಕು. ವಿಜಿಎ ತುದಿ ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಬಲವಂತ ಮಾಡಿದರೆ ಪಿನ್ನು ಮುರಿಯುತ್ತದೆ.

ಕೇಬಲ್ ಸರಿಯಿದ್ದರೆ ಮಾನಿಟರಿನ ಗುಂಡಿಗಳನ್ನು ನೋಡಿ. ಟಿವಿಯಲ್ಲಿರುವಂತೆ ಇದರಲ್ಲಿಯೂ ಯಾವ ಕಿಂಡಿಯಿಂದ ಚಿತ್ರ ತೆಗೆದುಕೊಳ್ಳಬೇಕೆಂಬ ಆಯ್ಕೆ ಇರುತ್ತದೆ. ಕೇಬಲ್ ವಿಜಿಎಯಲ್ಲಿದ್ದು ಮಾನಿಟರ್ ಎಚ್‌ಡಿಎಂಐಗಾಗಿ ಕಾಯುತ್ತಿದ್ದರೆ ಇಡೀ ದಿನ ಕುಳಿತರೂ ಚಿತ್ರ ಬಾರದು. ಹಾಗೆಯೇ, ಪೆಟ್ಟಿಗೆಯ ಹಿಂದೆ ಎರಡು ಕಡೆ ಕಿಂಡಿಗಳಿದ್ದು ಒಂದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನದಾಗಿದ್ದರೆ, ಕೇಬಲನ್ನು ಸಾಮಾನ್ಯವಾಗಿ ಆ ಕಾರ್ಡಿಗೇ ಹಾಕಬೇಕು.

ಇಲ್ಲಿಯವರೆಗೆ ನಡೆದರೂ ಪರದೆ ಕಪ್ಪಾಗಿದ್ದರೆ, ಪೆಟ್ಟಿಗೆಯನ್ನು ವಿಚಾರಿಸಬೇಕು. ನಾವೆಲ್ಲ ಅದನ್ನು ಸಿಪಿಯು ಎನ್ನುತ್ತೇವೆ. ನಿಜವಾದ ಸಿಪಿಯು ಅದರೊಳಗಿನ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಚಿಪ್ಪು. ಇರಲಿ, ರೂಢಿಯ ಹೆಸರನ್ನೇ ನಾನೂ ಬಳಸುತ್ತೇನೆ. ಕೀಬೋರ್ಡಿನ ನಂ ಲಾಕ್ ಗುಂಡಿಯನ್ನು ಒತ್ತಿ ನೋಡಿ. ಅದರ ಚಿಕ್ಕ ದೀಪ ಹತ್ತಿ ಆರಿದರೆ ಸಿಪಿಯು ಎಚ್ಚರವಿದೆ. ತೊಂದರೆ ಇನ್ನೂ ಕೇಬಲ್ ಅಥವಾ ಮಾನಿಟರಿನ ಬದಿಯಲ್ಲಿದೆ. ಆಗ ಅರಿವು ಕೇಂದ್ರದಿಂದ ಒಂದು ಮಾನಿಟರ್ ಅಥವಾ ಕೇಬಲ್ ತಂದು ಜೋಡಿಸಿ ನೋಡಬಹುದು. ಆ ದೀಪ ಅಲುಗಾಡದೇ ಇದ್ದರೆ ಯಂತ್ರ ಶುರುವಾಗಿಯೇ ಇಲ್ಲ ಎಂದು ಊಹಿಸಬಹುದು. ಪವರ್ ಕೇಬಲ್ ಕಳಚಿ, ಸಿಪಿಯುವಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಜೋಡಿಸಿ ಶುರು ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹೋಗದಿದ್ದರೆ ಉಳಿಯುವುದು ರ‍್ಯಾಮ್, ಪವರ್ ಸಪ್ಲೈ, ಮದರ್‌ಬೋರ್ಡ್. ಇವುಗಳಲ್ಲಿ ನಮ್ಮ ಘಟ್ಟದ ಕೆಳಗಿನ ಹವೆಗೆ ಹೆಚ್ಚು ಒಗ್ಗದಿರುವುದು ರ‍್ಯಾಮ್. ತಿಂಗಳುಗಟ್ಟಲೆ ಗೋಡೆ ಒಣಗದ ಕಛೇರಿಗಳಲ್ಲಿ ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕೂರುತ್ತದೆ, ಸಂಪರ್ಕ ತಪ್ಪುತ್ತದೆ, ಯಂತ್ರ ಚಿತ್ರ ಕಳುಹಿಸುವ ಹಂತವನ್ನೇ ತಲುಪುವುದಿಲ್ಲ. ಕೆಲವು ಯಂತ್ರಗಳು ಆಗ ಬೀಪ್ ಬೀಪ್ ಎಂದು ಕೂಗಿ ತಿಳಿಸುತ್ತವೆ. ಪಟ್ಟಿಯನ್ನು ತೆಗೆದು, ಮಕ್ಕಳ ಬಿಳಿಯ ರಬ್ಬರಿನಿಂದ ಅಂಚನ್ನು ಮೃದುವಾಗಿ ಉಜ್ಜಿ, ಪುಡಿ ಊದಿ, ಎರಡೂ ಕೊಕ್ಕೆಗಳು ಟಕ್ ಎನ್ನುವಂತೆ ಕೂರಿಸುವುದು ರಿಪೇರಿಯವರು ಮಾಡುವ ಕೆಲಸ. ವಾರಂಟಿ ಮೊಹರು ಇರುವ ಯಂತ್ರವನ್ನು ನಾವಾಗಿ ತೆರೆಯಬಾರದು. ಮೊಹರು ಇಲ್ಲದಿದ್ದರೂ ಪ್ಲಗ್ ಕಳಚದೆ, ಒದ್ದೆ ಕೈಯಲ್ಲಿ ಮುಚ್ಚಳ ತೆರೆಯುವುದು ಬೇಡ. ಮಾನಿಟರನ್ನಂತೂ ಕಛೇರಿಯಲ್ಲಿ ಯಾರೂ ಬಿಚ್ಚಕೂಡದು.

ತೇವದ ವಿಷಯ ಬಂದುದರಿಂದ ಇನ್ನೆರಡು ಮಾತು. ಸಿಪಿಯು ನೆಲದ ಮೇಲೆ ಬೇಡ, ಗೋಡೆಗೆ ಒರಗಿಯೂ ಬೇಡ. ಒಂದು ಮರದ ಹಲಗೆ ಸಾಕು. ಸಂಜೆ ಯಂತ್ರ ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಮುಂಗಾರಿಗೆ ಮೊದಲಿನ ಗುಡುಗಿನ ದಿನಗಳಲ್ಲಿ ಪ್ಲಗ್ಗಿನ ಜೊತೆಗೆ ಇಂಟರ್ನೆಟ್ ವೈರನ್ನೂ ಕಳಚಿ. ಸಿಡಿಲು ಆ ದಾರಿಯಲ್ಲಿಯೂ ಬರುತ್ತದೆ.

ನಾವು ಮಡಿಕೇರಿಗೂ ಸುಳ್ಯಕ್ಕೂ ನಡುವೆ ಇರುವವರು. ರಿಪೇರಿಯವರು ಒಂದೋ ಘಾಟಿ ಇಳಿದು ಬರಬೇಕು, ಇಲ್ಲವೇ ಜಿಲ್ಲೆಯ ಗಡಿ ದಾಟಿ ಬರಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ ದಿನಗಳನ್ನು ಇಲ್ಲಿರುವ ಯಾರೂ ಮರೆತಿಲ್ಲ. ಅಂಥ ದಿನಗಳಲ್ಲಿಯೇ ಜನರಿಗೆ ಪಂಚಾಯಿತಿಯ ಕಾಗದಪತ್ರ ಹೆಚ್ಚು ಬೇಕಾಗುತ್ತದೆ.

ಮಾನಿಟರ್ ಸರಿಹೋಗುವವರೆಗೂ ಕೆಲಸ ನಿಲ್ಲಬೇಕಾಗಿಲ್ಲ ಎಂಬುದನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಪಂಚತಂತ್ರ, ಇ-ಸ್ವತ್ತು ಇವೆಲ್ಲ ಅಂತರ್ಜಾಲದಲ್ಲಿ ನಡೆಯುವ ತಂತ್ರಾಂಶಗಳು. ಅವುಗಳ ದಾಖಲೆಗಳು ಆ ಕಪ್ಪು ಪರದೆಯ ಹಿಂದೆ ಸಿಕ್ಕಿಕೊಂಡಿರುವುದಿಲ್ಲ. ಕಛೇರಿಯ ಇನ್ನೊಂದು ಯಂತ್ರದಲ್ಲಿ ಅದೇ ಸಿಬ್ಬಂದಿ ತಮ್ಮ ಲಾಗಿನ್ ಮೂಲಕ ಮುಂದುವರಿಯಬಹುದು. ಡಿಜಿಟಲ್ ಸಹಿಯ ಟೋಕನ್ ಬೇಕಾದ ಕೆಲಸಕ್ಕೆ ಮಾತ್ರ ಆ ಯಂತ್ರದಲ್ಲಿಯೂ ಅದರ ಚಾಲಕ ತಂತ್ರಾಂಶ ಇರಬೇಕು. ಅದನ್ನು ಈಗಲೇ ಹಾಕಿಸಿಡುವುದು ಉತ್ತಮ. ಅದೂ ಆಗದಿದ್ದರೆ ಅರ್ಜಿಯನ್ನು ಕಾಗದದಲ್ಲಿ ಪಡೆದು, ದಿನಾಂಕ ಹಾಕಿ ಸ್ವೀಕೃತಿ ನೀಡಿ, ದೂರವಾಣಿ ಸಂಖ್ಯೆ ಬರೆದುಕೊಂಡು ಕಳುಹಿಸಬಹುದು. ‘ನಾಳೆ ಬನ್ನಿ’ ಎಂಬುದಕ್ಕಿಂತ ‘ಆದಾಗ ನಾವೇ ಕರೆಯುತ್ತೇವೆ’ ಎಂಬುದರಿಂದ ಒಂದು ದಿನದ ಕೂಲಿ ಉಳಿಯುತ್ತದೆ.

ಬಿಲ್ಲುಗಳು ಸಭೆಗೆ ಬಂದಾಗ ‘ಕಂಪ್ಯೂಟರ್ ದುರಸ್ತಿ’ ಎಂಬ ಎರಡೇ ಪದಗಳಿದ್ದರೆ ತಾವು ಪ್ರಶ್ನಿಸಬೇಕು: ಯಾವ ಭಾಗ ಕೆಟ್ಟಿತ್ತು, ಹಳೆಯ ಭಾಗ ಎಲ್ಲಿದೆ, ಬೇರೆ ಮಾನಿಟರ್ ಜೋಡಿಸಿ ನೋಡಲಾಗಿತ್ತೇ? ಹೊಸ ಯಂತ್ರ ಖರೀದಿಯ ಪ್ರಸ್ತಾವ ಬಂದಾಗಲೂ ಇವೇ ಪ್ರಶ್ನೆಗಳು. ಇದನ್ನು ಸಿಬ್ಬಂದಿಯ ಮೇಲಿನ ಅನುಮಾನವೆಂದು ಯಾರೂ ಭಾವಿಸಬಾರದು. ನನ್ನ ಆ ಮೂರು ದಿನಗಳ ಬಿಲ್ಲನ್ನು ಯಾರಾದರೂ ಹೀಗೆ ಕೇಳಿದ್ದರೆ ನನಗೆ ಉತ್ತರವಿರುತ್ತಿರಲಿಲ್ಲ.

ಈ ಮೇಜಿನ ಮೇಲಿರುವ ಯಂತ್ರದಲ್ಲಿ ನಾನು ಬೆಳಿಗ್ಗೆಯೇ ಒಂದು ದೋಷ ಮಾಡಿಟ್ಟಿದ್ದೇನೆ, ಏನೆಂದು ಹೇಳುವುದಿಲ್ಲ. ಚಹಾದ ಬಳಿಕ ಇಬ್ಬಿಬ್ಬರಾಗಿ ಬಂದು ಹುಡುಕಬೇಕೆಂದು ವಿನಂತಿ. ಮೊದಲು ಸದಸ್ಯರು, ಆಮೇಲೆ ಸಿಬ್ಬಂದಿ.