ಹಣ್ಣು ಕೊಳೆಯುವ ಮುನ್ನ: ಹಿತ್ತಲ ಹಣ್ಣಿನ ಜಾಮು, ಮಾರ್ಮಲೇಡು, ಮುರಬ್ಬ



ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಯಾವ ಊರಿಗೆ ಹೋದರೂ ಹಲಸಿನ ಮರದ ಬುಡದಲ್ಲಿ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಅದು ಹಣ್ಣಿನ ಪರಿಮಳವೂ ಹೌದು, ಹಣ್ಣು ಕೊಳೆಯುವ ನಾತವೂ ಹೌದು. ಒಂದು ಮರದಲ್ಲಿ ಮೂವತ್ತು ಕಾಯಿ ಹದಿನೈದು ದಿನದೊಳಗೆ ಹಣ್ಣಾಗಿಬಿಟ್ಟರೆ ಮನೆಯವರು ಎಷ್ಟು ತಿಂದಾರು? ನೆಂಟರಿಷ್ಟರಿಗೆ ಎಷ್ಟು ಹಂಚಿಯಾರು? ಪೇಟೆಗೆ ಹೊತ್ತರೆ ಅಲ್ಲಿಯೂ ಅದೇ ಹಣ್ಣಿನ ರಾಶಿ. ಬಂದ ಬೆಲೆ ಗಾಡಿಯ ಬಾಡಿಗೆಗೂ ಸಾಲದು. ಅನಾನಸಿನ ಕಥೆಯೂ ಇದೇ, ಪಪ್ಪಾಯಿಯ ಕಥೆಯೂ ಇದೇ. ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಹೇಳಿದ್ದಾರೆ. ಹಣ್ಣು ಬಂದಾಗ ತೂರಿಕೊಳ್ಳುವ ದಾರಿಯೊಂದನ್ನು ಈ ದಿನ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಹಣ್ಣನ್ನು ಜಾಮು, ಮಾರ್ಮಲೇಡು, ಮುರಬ್ಬಗಳ ರೂಪದಲ್ಲಿ ಕಾಪಾಡುವುದೇ ಆ ದಾರಿ.

"ಅಲ್ಲಾ ಸ್ವಾಮಿ, ಜಾಮು ಕಾರ್ಖಾನೆಯ ಪದಾರ್ಥ, ನಮಗೆಲ್ಲಿಯದು?" ಅಂತ ನೀವು ಕೇಳಬಹುದು. ನಮಗೇ ಹಳೆಯದು! ದಕ್ಷಿಣ ಕನ್ನಡದ ಮನೆಗಳಲ್ಲಿ ಹಲಸಿನ ತೊಳೆಯನ್ನು ಬೆಲ್ಲದೊಡನೆ ಕಾಸಿ ಕಾಸಿ ಬೆರಟಿ ಮಾಡಿ ವರ್ಷವಿಡೀ ಪಾಯಸಕ್ಕೆ ಬಳಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಮಾವಿನಕಾಯಿಯ ಗುಳಂಬ ಉಂಟು. ಕರಾವಳಿಯ ಅನಾನಸಿನ ಮೆಣಸ್ಕಾಯಿಯಲ್ಲಿ ಸಿಹಿ, ಹುಳಿ, ಖಾರ ಮೂರೂ ಒಂದೇ ಬಟ್ಟಲಲ್ಲಿ ಸೇರುತ್ತವೆ. ಈಗ ಪಟ್ಟಣದ ಅಂಗಡಿಗಳಲ್ಲಿ ಅನಾನಸಿಗೆ ಕಾಳುಮೆಣಸು, ಕಿತ್ತಳೆಗೆ ಏಲಕ್ಕಿ ಬೆರೆಸಿದ ಜಾಮನ್ನು ಹೊಸ ರುಚಿ ಎಂದು ಚಿಕ್ಕ ಶೀಶೆಯಲ್ಲಿ ದೊಡ್ಡ ಬೆಲೆಗೆ ಮಾರುತ್ತಾರೆ. ಆ ಮೆಣಸು, ಏಲಕ್ಕಿ, ಶುಂಠಿ ಎಲ್ಲವೂ ನಿಮ್ಮ ತೋಟದಲ್ಲಿಯೇ ಇವೆ.

ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರುಚಿ ನಿಮ್ಮ ಇಷ್ಟ. ಅಳತೆ ಮಾತ್ರ ನಿಮ್ಮ ಇಷ್ಟವಲ್ಲ. ಯಾವ ಹಣ್ಣಿಗೆ ಯಾವ ಸಾಂಬಾರ ಪದಾರ್ಥ ಹಾಕಬೇಕೆಂಬುದನ್ನು ನಿಮ್ಮ ನಾಲಿಗೆ ತೀರ್ಮಾನಿಸಲಿ. ಸಕ್ಕರೆ ಎಷ್ಟು, ಹುಳಿ ಎಷ್ಟು, ಎಷ್ಟು ಕಾಸಬೇಕು ಎಂಬುದನ್ನು ತಕ್ಕಡಿ ತೀರ್ಮಾನಿಸಬೇಕು. ಕಣ್ಣಂದಾಜು ಇಲ್ಲಿ ನಡೆಯದು.

ಏಕೆ ಎಂದು ತಿಳಿದುಕೊಳ್ಳೋಣ. ಹಣ್ಣನ್ನು ಕೆಡಿಸುವುದು ಬೂಷ್ಟು, ಹುದುಗು ಮತ್ತು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಇವು ಬದುಕಲು ನೀರು ಬೇಕು. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಜಾಮಿನಲ್ಲಿ ಸಕ್ಕರೆ ಮಾಡುತ್ತದೆ. ನೀರನ್ನು ತಾನು ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗೆ ಸಿಗದಂತೆ ಮಾಡುತ್ತದೆ. ಎರಡನೆಯ ಕಾವಲುಗಾರ ಹುಳಿ. ವಿಷ ಹುಟ್ಟಿಸುವ ಸೂಕ್ಷ್ಮಜೀವಿಗಳು ಒಳ್ಳೆಯ ಹುಳಿಯಲ್ಲಿ ತಲೆಯೆತ್ತುವುದಿಲ್ಲ. ಮೂರನೆಯ ಕಾವಲುಗಾರ ಕಾವು ಮತ್ತು ಶುಚಿ, ಅಂದರೆ ಚೆನ್ನಾಗಿ ಕುದಿದ ಪಾಕ, ಕುದಿಸಿದ ಶೀಶೆ. ಈ ಮೂವರಲ್ಲಿ ಒಬ್ಬನನ್ನು ರಜೆಗೆ ಕಳುಹಿಸಿದರೂ ಕಳ್ಳ ಒಳಗೆ ಬಂದ ಹಾಗೆಯೇ.

ಇನ್ನು ಕೆಲಸಕ್ಕೆ ಇಳಿಯೋಣ. ಮೊದಲು ಅನಾನಸು ಮತ್ತು ಕಾಳುಮೆಣಸಿನ ಜಾಮು. ಚೆನ್ನಾಗಿ ಬಲಿತು ಆಗತಾನೆ ಹಣ್ಣಾದ ಅನಾನಸನ್ನು ಆರಿಸಿ. ಕೊಳೆತ ಭಾಗವಿರುವ ಹಣ್ಣು ಬೇಡ. ಕೆಟ್ಟ ಹಣ್ಣಿನಿಂದ ಒಳ್ಳೆಯ ಜಾಮು ಆಗದು. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದು ಸಣ್ಣಗೆ ಕೊಚ್ಚಿಕೊಳ್ಳಿ. ಒಂದು ಕಿಲೋ ತಿರುಳಿಗೆ ಮುಕ್ಕಾಲು ಕಿಲೋ, ಅಂದರೆ ೭೫೦ ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ. ಅನಾನಸಿನಲ್ಲಿ ಜಾಮನ್ನು ಗಟ್ಟಿಯಾಗಿ ಹಿಡಿಸುವ ಪೆಕ್ಟಿನ್ ಎಂಬ ಅಂಟು ಪದಾರ್ಥ ಕಮ್ಮಿ. ಅದಕ್ಕಾಗಿ ನಿಂಬೆಯ ಬೀಜವನ್ನೂ ಬಿಳಿ ಸಿಪ್ಪೆಯನ್ನೂ ತೆಳುಬಟ್ಟೆಯಲ್ಲಿ ಗಂಟುಕಟ್ಟಿ ತಿರುಳಿನೊಡನೆ ಬೇಯಿಸಿ, ಆಮೇಲೆ ಹಿಂಡಿ ತೆಗೆಯಿರಿ. ತಿರುಳು ಮೆತ್ತಗೆ ಬೆಂದ ಮೇಲೆಯೇ ಸಕ್ಕರೆ ಹಾಕಬೇಕು; ಮೊದಲೇ ಹಾಕಿದರೆ ಹೋಳು ಗಟ್ಟಿಯಾಗುತ್ತದೆ. ಒಂದು ಚಹದ ಚಮಚ ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ, ಪಾಕ ಕುದಿಯುವಾಗಲೇ ಸೇರಿಸಿ. ಇಳಿಸಿದ ಮೇಲೆ ಹಸಿ ಪುಡಿ ಉದುರಿಸಬೇಡಿ. ಸಾಂಬಾರ ಪುಡಿಯ ಜೊತೆ ಧೂಳೂ ಬೂಷ್ಟಿನ ಬೀಜವೂ ಬರುತ್ತವೆ; ಅವಕ್ಕೂ ಕುದಿ ತಾಗಬೇಕು.

ಜಾಮು ಆಯಿತೆಂದು ತಿಳಿಯುವುದು ಹೇಗೆ? ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಡಿ. ಹಣ್ಣು ಒಂದು ಕಿಲೋ, ಸಕ್ಕರೆ ಮುಕ್ಕಾಲು ಕಿಲೋ, ಒಟ್ಟು ಒಂದೂ ಮುಕ್ಕಾಲು ಕಿಲೋ ಆಯಿತಷ್ಟೆ. ಇದು ಕಾಸಿ ಕಾಸಿ ಒಂದೂಕಾಲು ಕಿಲೋಗೆ ಇಳಿಯಬೇಕು. ಅರ್ಧ ಕಿಲೋದಷ್ಟು ನೀರು ಆವಿಯಾಗಿ ಹೋಗಬೇಕೆಂದು ಅರ್ಥ. ಬೇಯಿಸಲು ಮೇಲೆ ನೀರು ಹಾಕಿದ್ದರೆ ಅದೂ ಪೂರಾ ಹೋಗಬೇಕು. ಪಾತ್ರೆಯನ್ನು ತಕ್ಕಡಿಗೆ ಇಡುವಾಗ ಮಕ್ಕಳನ್ನು ದೂರ ಕಳಿಸಿ. ಕುದಿಯುವ ಪಾಕ ಮೈಮೇಲೆ ಬಿದ್ದರೆ ನೀರಿನಂತೆ ಜಾರಿ ಹೋಗದು, ಅಂಟಿಕೊಂಡು ಸುಡುತ್ತದೆ.

ಉಷ್ಣಮಾಪಕ ಇದ್ದವರಿಗೆ ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ ಜಾಮನ್ನು ೧೦೫ ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಎಂದು ಬರೆದಿರುತ್ತದೆ. ಅದು ಮಂಗಳೂರಿನಂಥ ಸಮುದ್ರ ಮಟ್ಟದ ಊರಿಗೆ ಸರಿ. ಊರು ಎತ್ತರವಾದಷ್ಟೂ ನೀರು ಕಡಿಮೆ ಕಾವಿನಲ್ಲಿ ಕುದಿಯುತ್ತದೆ. ಬೆಂಗಳೂರಿನಲ್ಲಿ ಸುಮಾರು ೯೭ ಡಿಗ್ರಿಗೆ, ಮಡಿಕೇರಿಯಲ್ಲಿ ಸುಮಾರು ೯೬ ಡಿಗ್ರಿಗೆ ನೀರು ಕುದಿಯುತ್ತದೆ. ಮಡಿಕೇರಿಯವರು ೧೦೫ ಬರಲಿ ಎಂದು ಕಾದರೆ ಜಾಮು ಸೀದು ಕಲ್ಲಾಗುತ್ತದೆ. ಆದ್ದರಿಂದ ನಿಮ್ಮ ಊರಿನಲ್ಲಿ ಬರಿಯ ನೀರು ಎಷ್ಟಕ್ಕೆ ಕುದಿಯುತ್ತದೆಂದು ನೋಡಿ, ಅದಕ್ಕೆ ಐದು ಡಿಗ್ರಿ ಕೂಡಿಸಿಕೊಳ್ಳಿ.

ಎರಡನೆಯದು ಹಲಸು ಮತ್ತು ಶುಂಠಿಯ ಜಾಮು. ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಬೇಕು. ಹಲಸು, ಬಾಳೆ, ಪಪ್ಪಾಯಿ ಈ ಮೂರೂ ಸಿಹಿ ಹಣ್ಣುಗಳು, ಹುಳಿ ಬಹಳ ಕಮ್ಮಿ. ನಾಲಿಗೆಗೆ ಹಿತವೆಂದು ಹಾಗೆಯೇ ಜಾಮು ಮಾಡಿದರೆ ಒಬ್ಬ ಕಾವಲುಗಾರ ಇಲ್ಲವೇ ಇಲ್ಲ. ಒಂದು ಕಿಲೋ ತಿರುಳಿಗೆ ನಾಲ್ಕೈದು ನಿಂಬೆಹಣ್ಣಿನ ರಸ, ಅಂದರೆ ಸುಮಾರು ೧೦೦ ಮಿಲಿಲೀಟರ್, ಹಾಕಲೇಬೇಕು. ಪಿಎಚ್ ಕಾಗದ ಸಿಕ್ಕಿದರೆ ಅದ್ದಿ ನೋಡಿ; ೩ರಿಂದ ೩.೫ರೊಳಗೆ ಬಂದರೆ ಹುಳಿ ಸರಿಯಾಗಿದೆ, ಅದಕ್ಕಿಂತ ಮೇಲೆ ತೋರಿದರೆ ಇನ್ನಷ್ಟು ನಿಂಬೆ ಹಿಂಡಿ. ತೊಳೆಯ ಸುತ್ತಲಿನ ನಾರನ್ನು ನಾವು ದನಕ್ಕೆ ಹಾಕುತ್ತೇವಲ್ಲ, ಅದರಲ್ಲಿ ಪೆಕ್ಟಿನ್ ಚೆನ್ನಾಗಿದೆ. ಒಂದು ಹಿಡಿ ನಾರನ್ನು ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿ, ಆ ನೀರಿನಲ್ಲಿಯೇ ತೊಳೆಗಳನ್ನು ಬೇಯಿಸಿ ಅರೆದುಕೊಳ್ಳಿ. ಸಕ್ಕರೆ ಮುಕ್ಕಾಲು ಕಿಲೋ, ತುರಿದ ಹಸಿಶುಂಠಿ ೩೦ ಗ್ರಾಂ. ಹಲಸಿನಲ್ಲಿ ತನ್ನದೇ ಸಕ್ಕರೆ ಹೆಚ್ಚಿರುವುದರಿಂದ ಒಂದು ಕಿಲೋ ೩೫೦ ಗ್ರಾಂಗೆ ಬಂದಾಗ ಇಳಿಸಬಹುದು. ನಂಜನಗೂಡು ರಸಬಾಳೆಗೆ ಮುರುಗಲು ಹುಳಿ ಸೇರಿಸಿದರೆ ಬಣ್ಣವೂ ರುಚಿಯೂ ಚೆನ್ನ; ಆದರೆ ಮುರುಗಲು ಹಾಕಿದೆವೆಂದು ನಿಂಬೆರಸವನ್ನು ಕಡಿಮೆ ಮಾಡಬೇಡಿ.

ಮೂರನೆಯದು ಮಾರ್ಮಲೇಡು. ಈ ಹೆಸರು ಪೋರ್ಚುಗೀಸರದು. ಮಾರ್ಮೆಲೊ ಎಂಬ ಒಗರು ಹಣ್ಣಿನ ಗಟ್ಟಿ ಪಾಕಕ್ಕೆ ಅವರು ಹಾಗೆನ್ನುತ್ತಿದ್ದರು. ಮುಂದೆ ಸ್ಕಾಟ್ಲೆಂಡಿನ ಡಂಡೀ ಪಟ್ಟಣದವರು ಸ್ಪೇನಿನ ಕಹಿ ಕಿತ್ತಳೆಯ ಸಿಪ್ಪೆಯನ್ನು ಎಳೆಎಳೆಯಾಗಿ ಸೇರಿಸಿ ಮಾರಿ ಹೆಸರು ಮಾಡಿದರು. ಸಿಪ್ಪೆಯ ನಸುಗಹಿಯೇ ಅದರ ಜೀವ. ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಬಂದಾಗ ನೀವೂ ಮಾಡಬಹುದು. ಒಂದು ಕಿಲೋ ಕಿತ್ತಳೆಗೆ ಎರಡು ಗಜನಿಂಬೆ ಸೇರಿಸಿ. ಮೇಲಿನ ಬಣ್ಣದ ಸಿಪ್ಪೆಯನ್ನು ಸಣ್ಣ ಎಳೆಯಾಗಿ ಹೆಚ್ಚಿ, ಎರಡು ಮೂರು ಸಲ ನೀರು ಬದಲಿಸಿ ಬೇಯಿಸಿದರೆ ಅತಿಗಹಿ ಹೋಗುತ್ತದೆ. ಒಳಗಿನ ತೊಳೆ, ಬಿಳಿ ಸಿಪ್ಪೆ, ಬೀಜ ಇವನ್ನು ಅರ್ಧ ಲೀಟರ್ ನೀರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿ ಸೋಸಿ. ಸೋಸಿದ ರಸ ಒಂದು ಕಿಲೋ ಇದ್ದರೆ ಸಕ್ಕರೆ ಮುಕ್ಕಾಲು ಕಿಲೋ, ಬೆಂದ ಸಿಪ್ಪೆಯ ಎಳೆ ಸುಮಾರು ೬೦ ಗ್ರಾಂ, ಎರಡು ನಿಂಬೆಯ ರಸ, ಜಜ್ಜಿದ ಏಲಕ್ಕಿ ಐದಾರು. ಒಂದು ಕಿಲೋ ೨೦೦ ಗ್ರಾಂಗೆ ಇಳಿದಾಗ ಒಲೆಯಿಂದ ತೆಗೆಯಿರಿ.

ನೆಲ್ಲಿಕಾಯಿಯ ಮುರಬ್ಬಕ್ಕೆ ಬೇಕಾದದ್ದು ತಾಳ್ಮೆ. ಕಾಯಿಯನ್ನು ಬೇಯಿಸಿ, ಮುಳ್ಳಿನಿಂದ ಚುಚ್ಚಿ, ಸಮತೂಕದ ಸಕ್ಕರೆಯಲ್ಲಿ ಒಂದು ದಿನ ಇಡಿ. ಬಿಟ್ಟ ರಸವನ್ನು ದಿನಕ್ಕೊಮ್ಮೆ ಕುದಿಸಿ ಸ್ವಲ್ಪ ಸ್ವಲ್ಪವಾಗಿ ಗಟ್ಟಿ ಮಾಡುತ್ತಾ, ನಾಲ್ಕೈದು ದಿನದಲ್ಲಿ ಜೇನಿನ ಹದಕ್ಕೆ ತನ್ನಿ. ಅವಸರಪಟ್ಟು ಮೊದಲ ದಿನವೇ ಗಟ್ಟಿ ಪಾಕಕ್ಕೆ ಹಾಕಿದರೆ ಕಾಯಿ ಒಳಗಿನ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಲವಂಗ, ಒಣಶುಂಠಿ ಇದಕ್ಕೆ ಒಪ್ಪುತ್ತವೆ.

ಈಗ ಬೇಡವಾದವುಗಳ ಮಾತು. ಹಾಲು, ತೆಂಗಿನಕಾಯಿ ತುರಿ, ಬೆಳ್ಳುಳ್ಳಿ, ಈರುಳ್ಳಿ, ತರಕಾರಿ ಇವುಗಳನ್ನು ಕಾಪಿಡುವ ಜಾಮಿಗೆ ಹಾಕಬೇಡಿ, ಇವುಗಳಲ್ಲಿ ಹುಳಿಯಿಲ್ಲ. "ಸಕ್ಕರೆ ಕಮ್ಮಿ ಮಾಡಿಕೊಡಿ" ಎಂದು ಕೇಳುವವರು ಇರುತ್ತಾರೆ. ಕಮ್ಮಿ ಮಾಡಿದರೆ ಅದು ತಂಪು ಪೆಟ್ಟಿಗೆಯಲ್ಲಿಟ್ಟು ಬೇಗ ತಿಂದು ಮುಗಿಸಬೇಕಾದ ಗೊಜ್ಜಾಯಿತೇ ಹೊರತು ಜಾಮಾಗಲಿಲ್ಲ. ಬೆಲ್ಲದಲ್ಲಿ ನೀರಿನಂಶವೂ ಕಸರೂ ಒಂದೊಂದು ಅಚ್ಚಿಗೆ ಒಂದೊಂದು ಬಗೆ. ಅಳತೆ ಕೈಗೆ ಹತ್ತುವವರೆಗೆ ಸಕ್ಕರೆಯಲ್ಲಿಯೇ ಮಾಡಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಹುಳಿ ತಿನ್ನುತ್ತದೆ, ಸ್ಟೀಲಿನದೇ ಇರಲಿ.

ಶೀಶೆಗಳನ್ನು ತೊಳೆದು, ತಳಕ್ಕೆ ಬಟ್ಟೆ ಹಾಸಿದ ಪಾತ್ರೆಯ ನೀರಿನಲ್ಲಿ ಹತ್ತು ನಿಮಿಷ ಕುದಿಸಿ. ಜಾಮು ಬಿಸಿಯಾಗಿರುವಾಗಲೇ ತುಂಬಿ, ಬಾಯಿಂದ ಅರ್ಧ ಬೆರಳು ಕೆಳಗೆ ನಿಲ್ಲಿಸಿ, ಅಂಚು ಒರೆಸಿ ಮುಚ್ಚಳ ಹಾಕಿ. ಮತ್ತೆ ಆ ಶೀಶೆಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ತೆರೆದಾಗ ಬೂಷ್ಟು ಕಂಡರೆ, ಹುಳಿತು ನೊರೆ ಬಂದಿದ್ದರೆ, ಮೇಲಿನದು ತೆಗೆದು ಕೆಳಗಿನದು ತಿನ್ನೋಣ ಎನ್ನಬೇಡಿ. ಪೂರಾ ಚೆಲ್ಲಿಬಿಡಿ. ನೂರು ರೂಪಾಯಿಯ ಜಾಮಿಗಿಂತ ಮಗುವಿನ ಹೊಟ್ಟೆ ದೊಡ್ಡದು.

ಮಾರುವ ಆಸೆಯುಳ್ಳವರಿಗೆ ಎರಡು ಮಾತು. ಹಿಂದೆ ೧೯೫೫ರ ಹಣ್ಣಿನ ಉತ್ಪನ್ನಗಳ ಆಜ್ಞೆ ಇತ್ತು. ಈಗ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಇದೆ. ಅದರ ಕೆಳಗಿನ ನಿಯಮದಂತೆ ಸಾಮಾನ್ಯ ಜಾಮಿನ ನೂರು ಭಾಗದಲ್ಲಿ ೪೫ ಭಾಗಕ್ಕೆ ಕಡಿಮೆಯಿಲ್ಲದಂತೆ ಹಣ್ಣು ಇರಬೇಕು, ಕರಗಿದ ಘನಾಂಶ ೬೫ಕ್ಕೆ ಇಳಿಯಬಾರದು. ನಾನು ಹೇಳಿದ ತೂಕ ಹಿಡಿದರೆ ಇವೆರಡೂ ಸಾಧಾರಣವಾಗಿ ದೊರಕುತ್ತವೆ. ಮನೆಯ ಅಡಿಗೆಮನೆಯಲ್ಲಿ ಮಾಡಿ ಮಾರಿದರೂ ನೋಂದಣಿ ಬೇಕು. ಶೀಶೆಯ ಮೇಲೆ ಏನೇನು ಹಾಕಿದೆ, ತೂಕ ಎಷ್ಟು, ಯಾವ ದಿನ ಮಾಡಿದ್ದು, ನೋಂದಣಿಯ ಸಂಖ್ಯೆ ಎಲ್ಲವನ್ನೂ ಬರೆಯಬೇಕು. ತರಬೇತಿಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ನಮ್ಮ ನಾಡಿನಲ್ಲಿಯೇ ಇದೆ.

ಮೊದಲ ವರ್ಷವೇ ಸಾಲ ತಂದು ಐನೂರು ಶೀಶೆ ಕೊಳ್ಳಬೇಡಿ. ಹತ್ತು ಶೀಶೆ ಮಾಡಿ. ಸಕ್ಕರೆ, ಉರುವಲು, ಶೀಶೆ, ನಿಂಬೆ, ನಿಮ್ಮ ಕೂಲಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಹಣ್ಣಿಗಿಂತ ಶೀಶೆಯೇ ದುಬಾರಿಯಾಗುವುದುಂಟು. ಎರಡು ಶೀಶೆ ಮನೆಯಲ್ಲೇ ಇಟ್ಟು ಮೂರು ತಿಂಗಳು, ಆರು ತಿಂಗಳು ಕಳೆದ ಮೇಲೆ ತೆರೆದು ನೋಡಿ. ಕೆಡದೆ ನಿಂತರೆ ನಾಲ್ಕಾರು ಮನೆಯ ಹೆಣ್ಣುಮಕ್ಕಳು ಕೂಡಿ, ಇಲ್ಲವೆ ನಿಮ್ಮ ಸ್ತ್ರೀಶಕ್ತಿ ಗುಂಪಿನವರು ಸೇರಿ ಮುಂದಿನ ವರ್ಷ ಸಂತೆಗೆ ಒಯ್ಯಬಹುದು. ಹೊಸ ರುಚಿ ಕೊಳ್ಳುವವನನ್ನು ಒಮ್ಮೆ ಕರೆತರುತ್ತದೆ. ಕೆಡದ ಶೀಶೆಯೇ ಅವನನ್ನು ಎರಡನೆಯ ಸಲ ಕರೆತರುವುದು.

ಹಾಗಾದರೆ ನೆನಪಿಡಿ: ಒಂದು ಕಿಲೋ ಹಣ್ಣಿಗೆ ಮುಕ್ಕಾಲು ಕಿಲೋ ಸಕ್ಕರೆ, ಸಿಹಿ ಹಣ್ಣಿಗೆ ಧಾರಾಳ ನಿಂಬೆ, ತಕ್ಕಡಿಯ ಲೆಕ್ಕ, ಕುದಿಸಿದ ಶೀಶೆ. ಈ ನಾಲ್ಕನ್ನು ಬಿಡದೆ, ಉಳಿದದ್ದರಲ್ಲಿ ನಿಮ್ಮ ಕೈರುಚಿಯನ್ನು ಧೈರ್ಯವಾಗಿ ತೋರಿಸಿ. ಈ ವರ್ಷ ಮರದ ಬುಡದಲ್ಲಿ ಕೊಳೆಯಲಿರುವ ಹತ್ತು ಹಣ್ಣಿನಲ್ಲಿ ಒಂದಾದರೂ ನಿಮ್ಮ ಅಟ್ಟದ ಮೇಲೆ ಶೀಶೆಯಲ್ಲಿ ಕೂರಲಿ.