ಸೆಲ್ಫ್ ಹೊಡೆದರೂ ಏಳದ ಗಾಡಿ



ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಕಡೆಯ ಹಳ್ಳಿಗಳಿಗೆ ಬೆಳಗಿನ ಜಾವ ಬಲು ದುಬಾರಿಯ ಹೊತ್ತು. ಕ್ರೇಟುಗಳನ್ನು ಪಿಕಪ್ಪಿಗೆ ಏರಿಸಿಯಾಗಿದೆ, ಹರಾಜಿಗೆ ಮುಂಚೆ ಮಂಡಿ ಮುಟ್ಟಬೇಕು. ಕೀ ತಿರುಗಿಸಿದರೆ ಗಾಡಿ ಏಳುತ್ತಿಲ್ಲ. ಸುತ್ತ ನಿಂತವರಲ್ಲಿ ಒಬ್ಬ ‘ಬ್ಯಾಟರಿ ಹೋಗಿದೆ’ ಅಂತಾನೆ, ಇನ್ನೊಬ್ಬ ‘ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿದೆ’ ಅಂತಾನೆ, ಮತ್ತೊಬ್ಬ ‘ಸೆಲ್ಫ್ ಮೋಟಾರೇ ಸುಟ್ಟಿರಬೇಕು’ ಅಂತಾನೆ. ನಾಲ್ಕನೆಯವನು ಏನೂ ಹೇಳದೆ ತಳ್ಳುವುದಕ್ಕೆಂದು ಗಾಡಿಯ ಹಿಂದಕ್ಕೆ ಹೋಗಿಬಿಡುತ್ತಾನೆ.

ಬಾಯಿಬಿಟ್ಟ ಮೂವರಲ್ಲಿ ಯಾರು ಹೇಳಿದ್ದಾದರೂ ನಿಜವಿರಬಹುದು. ಆದರೆ ಮೊದಲು ಕೇಳಬೇಕಾದ್ದನ್ನು ಯಾರೂ ಕೇಳಲಿಲ್ಲ: ಎಂಜಿನ್ ತಿರುಗುತ್ತಿದೆಯೋ, ಇಲ್ಲವೋ? ‘ಸ್ಟಾರ್ಟ್ ಆಗ್ತಿಲ್ಲ’ ಅನ್ನುವ ಒಂದೇ ದೂರಿನಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಎಂಜಿನ್ ತಿರುಗದೇ ಇದ್ದರೆ ಅದು ಕರೆಂಟಿನ ದಾರಿಯ ತೊಂದರೆ. ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಡೀಸೆಲ್ಲಿನ ಕಡೆ, ಇಲ್ಲವೇ ಡೀಸೆಲ್ ಬಿಡು ಎಂದು ಹೇಳುವ ಸೆನ್ಸರುಗಳ ಕಡೆ ನೋಡಬೇಕು. ಕಿವಿಗೊಟ್ಟು ಒಮ್ಮೆ ಕೇಳಿದರೆ ಅರ್ಧ ಅನುಮಾನಗಳು ಅಲ್ಲೇ ಕಳಚಿಕೊಳ್ಳುತ್ತವೆ. ಕೇಳುವ ಮುಂಚೆ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ತಿರುಗದ ಎಂಜಿನ್‌ನಿಂದ ಶುರುಮಾಡೋಣ. ಹೆಡ್‌ಲೈಟ್ ಹಾಕಿ, ಒಬ್ಬರನ್ನು ಮುಂದೆ ನಿಲ್ಲಿಸಿ, ಸೆಲ್ಫ್ ಹೊಡೆಯಿರಿ. ದೀಪ ಸೊರಗಿ ಹೋಗಿ ‘ಕಟಕಟಕಟ’ ಸದ್ದು ಬಂದರೆ ಬ್ಯಾಟರಿ ಬರಿದಾಗಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ದೀಪ ಪ್ರಖರವಾಗಿಯೇ ಉಳಿದು ಒಳಗೆ ಏನೂ ಅಲುಗದಿದ್ದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ ಎಂದರ್ಥ. ಆಗ ರಿಲೇ, ಕೀ ಸ್ವಿಚ್, ಕೆಲವು ಗಾಡಿಗಳಲ್ಲಿ ಕ್ಲಚ್ ಪೆಡಲ್ ಕೆಳಗಿನ ಪುಟ್ಟ ಸ್ವಿಚ್, ಇವುಗಳನ್ನು ನೋಡಬೇಕು. ಒಂದೇ ಒಂದು ಗಟ್ಟಿ ‘ಟಕ್’ ಕೇಳಿ ಸುಮ್ಮನಾದರೆ ಮೋಟಾರಿಗೆ ಕರೆಂಟು ಬಿಡುವ ಸೊಲೆನಾಯ್ಡ್ ಎಳೆದಿದೆ, ಮೋಟಾರು ಮಾತ್ರ ತಿರುಗಿಲ್ಲ. ಅಲ್ಲಿ ಅನುಮಾನ ಮೋಟಾರಿನ ಮೇಲೆ, ಅದಕ್ಕೆ ಹೋಗುವ ದಪ್ಪ ಕೇಬಲ್ಲಿನ ಮೇಲೆ.

ಬ್ಯಾಟರಿಯ ವಿಷಯದಲ್ಲಿ ನಮ್ಮವರು ವಿಚಾರಣೆಯಿಲ್ಲದೆ ಶಿಕ್ಷೆ ಕೊಡುತ್ತಾರೆ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದಿದ್ದರೆ ಎಷ್ಟೋ ಸಾವಿರ ಉಳಿಯುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಹತ್ತಿರ ಬಂದಿದ್ದರೆ ಅದು ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ ಸ್ವಲ್ಪ ಇಳಿಯುವುದು ಸಹಜ, ಆದರೆ ಒಂಬತ್ತೂವರೆಗಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಇಲ್ಲವಾದರೆ ನಾವು ಇನ್ನೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅದನ್ನು ನೋಡದೆ ಹೊಸ ಬ್ಯಾಟರಿ ಕೂರಿಸಿದವರ ಗಾಡಿ ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲುತ್ತದೆ.

ಇನ್ನು ತುಂಬ ಜನರನ್ನು ದಾರಿ ತಪ್ಪಿಸುವ ಸಂಗತಿಗೆ ಬರೋಣ. ಬ್ಯಾಟರಿ 12.6 ತೋರಿಸುತ್ತದೆ, ಹಾರ್ನ್ ಜೋರಾಗಿದೆ, ಲೈಟು ಉರಿಯುತ್ತದೆ, ಎಂಜಿನ್ ಮಾತ್ರ ತಿರುಗದು. ಕಾರಣ ಸರಳ. ಒಂದು ಹೆಡ್‌ಲೈಟ್ ಬಲ್ಬಿಗೆ ಸುಮಾರು ಐದು ಆಂಪಿಯರ್ ಸಾಕು. ಡೀಸೆಲ್ ಎಂಜಿನ್ ತಿರುಗಿಸುವ ಮೋಟಾರಿಗೆ ಇನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಅರ್ಧ ಮುಚ್ಚಿದ ಪೈಪಿನಲ್ಲೂ ಬಿಂದಿಗೆ ತುಂಬೀತು, ಗದ್ದೆಗೆ ನೀರು ಹಾಯದು. ಲೆಕ್ಕ ನೋಡಿ. ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿಯಿಂದಲೋ, ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟಿನಿಂದಲೋ, ಬರೀ ಒಂದು ಓಮಿನ ನೂರನೇ ಒಂದು ಭಾಗ ತಡೆ ಹುಟ್ಟಿತು ಅನ್ನಿ. ಐದು ಆಂಪಿಯರ್ ಹರಿಯುವಾಗ ಅದು ಲೆಕ್ಕಕ್ಕೇ ಬಾರದು. ಇನ್ನೂರು ಹರಿದರೆ ಅಲ್ಲೇ ಎರಡು ವೋಲ್ಟ್ ನಷ್ಟ. 1827ರಲ್ಲಿ ಜರ್ಮನಿಯ ಗೇಯಾರ್ಗ್ ಓಮ್ ಬರೆದಿಟ್ಟ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಶಾಲೆಗಳಲ್ಲಿ ಸಿಗಲಿಲ್ಲ.

ಈ ಕಳ್ಳನನ್ನು ಹಿಡಿಯುವ ಉಪಾಯವೂ ಇದೆ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಸೀಸದ ಗೂಟಕ್ಕೇ ಒತ್ತಿ, ಕಪ್ಪನ್ನು ಮೋಟಾರಿನ ದಪ್ಪ ಕೇಬಲ್ ಬೋಲ್ಟಿಗೆ ಹಿಡಿದು, ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯಲ್ಲಿ ತಡೆಯಿದೆ. ಹಾಗೆಯೇ ಮೈನಸ್ ಗೂಟ ಮತ್ತು ಎಂಜಿನ್ ಬ್ಲಾಕಿನ ನಡುವೆ ನೋಡಿ. ಅಲ್ಲಿ ಇನ್ನೂ ಕಡಿಮೆ ಇರಬೇಕು. ಸೆಲ್ಫ್ ಹೊಡೆಯುವ ಹೊತ್ತಿನಲ್ಲೇ ಅಳೆಯಬೇಕು. ಕರೆಂಟು ಹರಿಯದಿದ್ದಾಗ ಕೊಳೆತ ತಂತಿಯೂ ಸಭ್ಯವಾಗಿ ಸೊನ್ನೆ ತೋರಿಸುತ್ತದೆ. ತಪ್ಪು ಸಿಕ್ಕರೆ ಸ್ಯಾಂಡ್‌ಪೇಪರ್, ಒಂದು ಸ್ಪ್ಯಾನರ್, ಹತ್ತು ನಿಮಿಷ.

ಈಗ ತಿರುಗಿಯೂ ಹೊತ್ತದ ಎಂಜಿನ್. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಒಳಗೆಳೆದ ಗಾಳಿಯನ್ನು ಹದಿನೇಳು, ಹದಿನೆಂಟರಲ್ಲಿ ಒಂದು ಪಾಲಿಗೆ ಹಿಂಡಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತದೆ; ಅದರೊಳಗೆ ಚಿಮ್ಮಿದ ಡೀಸೆಲ್ ತಾನಾಗಿ ಉರಿಯುತ್ತದೆ. ಆ ಹಿಂಡುವಿಕೆ ಬೇಗ ನಡೆಯಬೇಕು. ಮೋಟಾರು ಮಂದವಾಗಿ ತಿರುಗಿಸಿದರೆ ಗಾಳಿ ರಿಂಗುಗಳ ಸಂದಿಯಲ್ಲಿ ನುಸುಳುತ್ತದೆ, ಬಿಸಿಯನ್ನು ಲೋಹ ಹೀರುತ್ತದೆ, ಎಂಜಿನ್ ಏಳುವುದಿಲ್ಲ. ಆದ್ದರಿಂದ ‘ತಿರುಗ್ತಿದೆಯಲ್ಲ, ಬ್ಯಾಟರಿ ಸರಿಯಿದೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟು ಚುರುಕಾಗಿ ತಿರುಗುತ್ತಿದೆ ಅನ್ನುವುದೂ ಮುಖ್ಯ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಮಾತ್ರ ಮೊಂಡು ಹಿಡಿದು, ಬಿಸಿಲೇರಿದ ಮೇಲೆ ಸಲೀಸಾಗಿ ಏಳುವ ಗಾಡಿಯಲ್ಲಿ ಹೀಟರ್ ಪ್ಲಗ್‌ಗಳನ್ನೂ ನೋಡಿಸಿ.

ಚುರುಕಾಗಿ ತಿರುಗುತ್ತಿದ್ದರೆ ಹೊಗೆ ಕೊಳವೆ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರ್ ಮುಟ್ಟುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲವಾದರೆ ಡೀಸೆಲ್ಲೇ ಬರುತ್ತಿಲ್ಲ. ಫಿಲ್ಟರ್ ಕಟ್ಟಿಕೊಂಡಿರಬಹುದು, ಅದರ ತಳದಲ್ಲಿ ನೀರು ನಿಂತಿರಬಹುದು, ಟ್ಯಾಂಕ್ ಬರಿದಾದಾಗ ಏರ್ ಹಿಡಿದಿರಬಹುದು. ಹಲವು ಪಿಕಪ್ಪುಗಳಲ್ಲಿ ಫಿಲ್ಟರಿನ ಹತ್ತಿರ ಕೈಪಂಪು ಇರುತ್ತದೆ. ಅದು ಗಟ್ಟಿಯಾಗುವತನಕ ಒತ್ತಿದರೆ ಏರ್ ಹೋಗುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಹಳೇ ಪಂಪಿನ ಗಾಡಿಗಳಲ್ಲಿ ಇಂಜೆಕ್ಟರ್ ಪೈಪ್ ಸಡಿಲಿಸಿ ಏರ್ ತೆಗೆಯುವುದು ರೂಢಿಯಾಗಿತ್ತು. ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಆ ಕೈಚಳಕ ಖಂಡಿತ ಬೇಡ. ಓಡುವಾಗ ಅಲ್ಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಕೂದಲೆಳೆಯಷ್ಟು ಸಣ್ಣ ಧಾರೆಯೂ ಚರ್ಮ ತೂರಿ ಒಳಗೆ ಹೋಗಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಡ್ಯಾಶ್‌ಬೋರ್ಡಿನಲ್ಲಿ ಬೀಗದ ಗುರುತು ಮಿಣುಕುತ್ತಿದ್ದರೆ ಗಾಡಿ ನಿಮ್ಮ ಕೀಯನ್ನು ಗುರುತಿಸಿಲ್ಲ. ಎರಡನೇ ಕೀ ಇದ್ದರೆ ಅದರಲ್ಲಿ ನೋಡಿ. ಕೀ ಗುರುತಿಸದ ಗಾಡಿಯನ್ನು ಎಷ್ಟು ತಳ್ಳಿದರೂ ಬೆವರಷ್ಟೇ ಲಾಭ. ಅಡಿಕೆ, ಜೋಳ ಇಟ್ಟ ಗೋದಾಮಿನ ಪಕ್ಕ ನಿಲ್ಲುವ ಗಾಡಿಯಾದರೆ ಇಲಿ ಕಡಿದ ವೈರುಗಳನ್ನೂ ಹುಡುಕಿ.

ಕೊನೆಯದಾಗಿ, ಮೆಕ್ಯಾನಿಕ್ ಮುಂದೆ ಎಂದೂ ತಪ್ಪು ಮಾಡದ ಗಾಡಿ. ಬೆಳಿಗ್ಗೆ ಏಳುತ್ತದೆ, ದೂರ ಓಡಿ ಚಹಾಕ್ಕೆ ನಿಲ್ಲಿಸಿದರೆ ಏಳುವುದಿಲ್ಲ, ತಣ್ಣಗಾದ ಮೇಲೆ ಮತ್ತೆ ಏಳುತ್ತದೆ. ಇಂಥ ಕಡೆ ಕ್ರ್ಯಾಂಕ್ ಸೆನ್ಸರಿನ ಮೇಲೆ ಅನುಮಾನ ಪಡಬೇಕು. ಬಿಸಿಗೆ ಅದು ಸುಮ್ಮನಾದರೆ ಎಂಜಿನ್ ತಿರುಗುತ್ತಿರುವುದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಡೀಸೆಲ್ ಬಿಡುವುದಿಲ್ಲ. ಕೈಕೊಟ್ಟ ಆ ಹೊತ್ತಿನಲ್ಲೇ ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ಮುಳ್ಳನ್ನು ನೋಡಿ. ಬಹಳ ಗಾಡಿಗಳಲ್ಲಿ ಅದು ಸ್ವಲ್ಪವಾದರೂ ಮೇಲೇಳುತ್ತದೆ. ಸೊನ್ನೆ ಬಿಟ್ಟು ಕದಲದಿದ್ದರೆ ಮೆಕ್ಯಾನಿಕ್‌ಗೆ ಮೊದಲು ಹೇಳಬೇಕಾದ್ದು ಅದನ್ನೇ.