ಬೆಳಕನ್ನು ಕಳೆದು ಸೂರ್ಯನನ್ನು ಕಂಡವರು

ಒಳಗೆ ತಂತಿ ಇರುವ ಹಳೆಯ ಬಲ್ಬು ನಿಮ್ಮ ಮನೆಯಲ್ಲಿ ಇನ್ನೂ ಉಳಿದಿದ್ದರೆ, ಅದು ಉರಿಯುವಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ನೋಡಿ. ಬಿಳಿಯ ಉಂಡೆಯೊಂದು ಬರುತ್ತದೆ, ತಂತಿ ಬರುವುದಿಲ್ಲ. ತಂತಿಯ ಸುರುಳಿ ಕಾಣಬೇಕಾದರೆ ಕ್ಯಾಮೆರಾದ ಒಳಕ್ಕೆ ಹೋಗುವ ಬೆಳಕನ್ನು ಬಹಳವಾಗಿ ಇಳಿಸಬೇಕು. ಹೂವಿನ ಚಿತ್ರ ತೆಗೆಯುವವರು ಒಳ್ಳೆಯ ಬೆಳಕಿಗಾಗಿ ಕಾಯುತ್ತಾರೆ. ಉರಿಯುವ ವಸ್ತುವಿನ ಚಿತ್ರ ತೆಗೆಯುವವರು ಬೆಳಕನ್ನು ಕಳೆಯುವ ದಾರಿ ಹುಡುಕುತ್ತಾರೆ. ಸೂರ್ಯನ ಛಾಯಾಚಿತ್ರದ ಚರಿತ್ರೆಯೆಲ್ಲ ಹೀಗೆ ಬೆಳಕನ್ನು ಕಳೆಯುತ್ತ ಹೋದವರ ಕಥೆ.

1845ರ ಏಪ್ರಿಲ್ 2ರಂದು ಪ್ಯಾರಿಸ್ಸಿನಲ್ಲಿ ಫಿಜೋ ಮತ್ತು ಫೂಕೋ ಎಂಬ ಇಬ್ಬರು ತರುಣ ವಿಜ್ಞಾನಿಗಳು ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಸೂರ್ಯನನ್ನು ಹಿಡಿದರು. ಮನುಷ್ಯನ ಮುಖ ಮೂಡಲು ಎಷ್ಟೋ ಸೆಕೆಂಡು ಅಲುಗಾಡದೆ ಕೂರಬೇಕಾಗಿದ್ದ ಕಾಲ ಅದು. ಇವರು ತಗಡಿಗೆ ಬೆಳಕು ತಾಗಿಸಿದ್ದು ಒಂದು ಸೆಕೆಂಡಿನ 60ನೆಯ ಒಂದು ಪಾಲು ಮಾತ್ರ. ಸೂರ್ಯನ ಕಲೆಗಳು ಮೂಡಿದವು. ನಡುವೆ ಪ್ರಖರವಾಗಿರುವ ಬಿಂಬ ಅಂಚಿಗೆ ಹೋದಂತೆ ಮಬ್ಬಾಗುವುದೂ ಸ್ಪಷ್ಟವಾಯಿತು. ಸೂರ್ಯನನ್ನು ನೋಡಿ ಕೈಯಲ್ಲಿ ಬಿಡಿಸಿದ ಚಿತ್ರದಲ್ಲಿ ಬಿಡಿಸಿದವನ ಕಣ್ಣಿನ ಗುಣದೋಷಗಳೂ ಸೇರಿರುತ್ತವೆ. ಆ ಅನುಮಾನಕ್ಕೆ ಈ ತಗಡಿನಲ್ಲಿ ಎಡೆ ಇರಲಿಲ್ಲ.

ಇನ್ನೊಂದು ದಾರಿಯನ್ನು ಪ್ರಕೃತಿಯೇ ಒದಗಿಸುತ್ತದೆ, ಗ್ರಹಣದ ರೂಪದಲ್ಲಿ. ಚಂದ್ರ ಅಡ್ಡ ಬಂದು ಪ್ರಖರವಾದ ಬಿಂಬವನ್ನು ಮುಚ್ಚಿದಾಗ ಅದರ ಸುತ್ತಲಿನ ತೆಳು ಪ್ರಭಾವಲಯ, ಅಂದರೆ ಕರೋನಾ, ಕಾಣುತ್ತದೆ. ಅಂಚಿನಲ್ಲಿ ಕೆಂಪು ಜ್ವಾಲೆಗಳಂತಹ ಚಾಚುಗಳೂ ಕಾಣುತ್ತವೆ. 1851ರ ಜುಲೈ 28ರಂದು ಪ್ರಷ್ಯಾದ ಕೋನಿಗ್ಸ್‌ಬರ್ಗಿನಲ್ಲಿ ಬರ್ಕೋವ್ಸ್ಕಿ ಎಂಬ ಛಾಯಾಗ್ರಾಹಕ ಕರೋನಾದ ಮೊದಲ ಒಳ್ಳೆಯ ಚಿತ್ರ ತೆಗೆದ. ಆದರೆ ಆ ಕೆಂಪು ಚಾಚುಗಳು ಸೂರ್ಯನವೋ ಚಂದ್ರನವೋ ಎಂಬ ವಾದ ಮುಗಿದಿರಲಿಲ್ಲ. 1860ರ ಗ್ರಹಣದಲ್ಲಿ ವಾರನ್ ಡೆ ಲಾ ರೂ ಮತ್ತು ಪಾದ್ರಿ ಆಂಜೆಲೊ ಸೆಕಿ ಸ್ಪೇನಿನ ಎರಡು ದೂರದ ಊರುಗಳಲ್ಲಿ ನಿಂತು ಚಿತ್ರ ತೆಗೆದರು. ಎರಡನ್ನೂ ಹೋಲಿಸಿದಾಗ ಚಾಚುಗಳ ಆಕಾರ ಒಂದೇ ಆಗಿತ್ತು. ಚಂದ್ರ ಸರಿದಂತೆಲ್ಲ ಅವು ಅವನ ಹಿಂದೆ ಮರೆಯಾಗುತ್ತಿದ್ದವು. ಅವು ಸೂರ್ಯನವೇ ಎಂದು ತೀರ್ಮಾನವಾಯಿತು. ವಿಜ್ಞಾನದ ವಾದವೊಂದಕ್ಕೆ ಛಾಯಾಚಿತ್ರ ಸಾಕ್ಷಿ ಹೇಳಿದ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಮುಂದಿನ ಗ್ರಹಣಗಳು ನಮ್ಮ ಕಡೆಗೇ ಬಂದವು. 1868ರ ಆಗಸ್ಟ್ 18ರಂದು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಿಂದ ಈ ಚಾಚುಗಳನ್ನು ನೋಡಿದರು. ಅವುಗಳ ಬೆಳಕಿನಲ್ಲಿ ಕಂಡ ಬಣ್ಣದ ಗೆರೆಗಳು ಎಷ್ಟು ಪ್ರಖರವಾಗಿದ್ದವೆಂದರೆ, ಗ್ರಹಣ ಇಲ್ಲದಿದ್ದರೂ ಇವನ್ನು ಕಾಣಬಹುದು ಎಂದು ಅವರಿಗೆ ಹೊಳೆಯಿತು. ಮರುದಿನವೇ ಕಂಡೂಬಿಟ್ಟರು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ತಂಡ ಬೀಡುಬಿಟ್ಟದ್ದು ಕಾಸರಗೋಡಿನ ಬೇಕಲ ಕೋಟೆಯಲ್ಲಿ. ಅದು ಆಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಕೆಳದಿಯ ನಾಯಕರ ಆ ಕೋಟೆಯಿಂದ ಕರೋನಾದ ಚಿತ್ರ ತೆಗೆದರು ಎಂಬ ಸಂಗತಿಯನ್ನು ಅಲ್ಲಿಗೆ ಪ್ರವಾಸ ಹೋಗುವ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಗ್ರಹಣ ಕೆಲವೇ ನಿಮಿಷದ್ದು. ದಿನವೂ ನೋಡುವುದು ಹೇಗೆ? ಜಾನ್ಸೆನ್ ಗುಂಟೂರಿನಲ್ಲಿ ಕಂಡದ್ದನ್ನು 1890ರ ದಶಕದ ಆರಂಭದಲ್ಲಿ ಛಾಯಾಚಿತ್ರಕ್ಕೆ ಇಳಿಸಿದವರು ಅಮೆರಿಕದ ಜಾರ್ಜ್ ಹೇಲ್ ಮತ್ತು ಫ್ರಾನ್ಸಿನ ದೆಲಾಂದ್ರ್, ಇಬ್ಬರೂ ಬೇರೆ ಬೇರೆಯಾಗಿ. ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅದರಲ್ಲಿ ಕೂದಲೆಳೆಯಷ್ಟು ಒಂದೇ ಬಣ್ಣವನ್ನು ಸೀಳುಗಂಡಿಯಿಂದ ಒಳಕ್ಕೆ ಬಿಟ್ಟು, ಉಳಿದುದನ್ನೆಲ್ಲ ತಳ್ಳಿಹಾಕುವುದು ಅವರ ಉಪಾಯ. ಬಾಗಿಲ ಸಂದಿಯಿಂದ ತೇರು ಹಾದುಹೋಗುವುದನ್ನು ನೋಡಿದ ಹಾಗೆ, ಸೂರ್ಯಬಿಂಬ ಪಟ್ಟಿಪಟ್ಟಿಯಾಗಿ ಗಾಜಿನ ಫಲಕದ ಮೇಲೆ ಮೂಡುತ್ತದೆ. ಜಲಜನಕದ ಕೆಂಪು ಬಣ್ಣದಲ್ಲಿ ತೆಗೆದ ಚಿತ್ರದಲ್ಲಿ ಬಿಂಬದ ಮೇಲೆ ಉದ್ದುದ್ದ ಕಪ್ಪು ಎಳೆಗಳು ಹರಡಿರುತ್ತವೆ. ಬಲ್ಬಿನ ತಂತಿಯ ಹಾಗೆ ಇವನ್ನೂ ಫಿಲಮೆಂಟ್ ಎಂದೇ ಕರೆಯುತ್ತಾರೆ. ಗ್ರಹಣದಲ್ಲಿ ಅಂಚಿನಿಂದ ಕೆಂಪಗೆ ಚಾಚಿ ಕಂಡದ್ದೂ ಇದೇ. ಕಪ್ಪು ಆಕಾಶದ ಎದುರು ಅದು ಹೊಳೆಯುತ್ತದೆ; ಪ್ರಖರ ಬಿಂಬದ ಎದುರು ಬಂದಾಗ ಕಪ್ಪಾಗಿ ಕಾಣುತ್ತದೆ. ಸೂರ್ಯನ ಕಾಂತಕ್ಷೇತ್ರದ ಬಲದಿಂದ ಮೇಲೆ ತೂಗಿ ನಿಂತ, ಸುತ್ತಲಿನ ಕರೋನಾಕ್ಕಿಂತ ಎಷ್ಟೋ ತಣ್ಣಗಿನ ಅನಿಲ ಅದು.

ಈಗ ಕೊಡೈಕನಾಲಿನ ಸೌರ ವೀಕ್ಷಣಾಲಯದ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಬರ, ನಮ್ಮ ಹಿರಿಯರು ಧಾತು ಸಂವತ್ಸರದ ಬರ ಎಂದು ನೆನೆಯುತ್ತಿದ್ದ ಬರ, ಮೈಸೂರು ಸಂಸ್ಥಾನದಲ್ಲೇ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಸೂರ್ಯನನ್ನು ಅರಿತರೆ ಮಳೆಯನ್ನು ಅರಿಯಬಹುದೇನೋ ಎಂಬ ಆಸೆ ಆಮೇಲೆ ಬಲವಾಯಿತು. ಬೆಟ್ಟದ ಮೇಲಿನ ಆ ಸೌರ ವೀಕ್ಷಣಾಲಯ ಹುಟ್ಟಿದ್ದರ ಹಿಂದೆ ಆ ಆಸೆಯೂ ಇತ್ತು. 20ನೆಯ ಶತಮಾನದ ಮೊದಲ ದಶಕದಿಂದ ಅಲ್ಲಿ ಮೋಡ ಇಲ್ಲದ ದಿನವೆಲ್ಲ ಸೂರ್ಯನ ಚಿತ್ರ ತೆಗೆಯುತ್ತ ಬಂದರು. 1912ರಿಂದ ಜಲಜನಕದ ಕೆಂಪಿನಲ್ಲೂ ತೆಗೆದರು. 1909ರಲ್ಲಿ ಜಾನ್ ಎವರ್‌ಶೆಡ್ ಅಲ್ಲಿಯೇ ಸೂರ್ಯಕಲೆಯ ಒಳಗಿನಿಂದ ಹೊರಕ್ಕೆ ಅನಿಲ ಹರಿಯುವುದನ್ನು ಕಂಡುಹಿಡಿದರು. ಅವರ ಪತ್ನಿ ಮೇರಿ ಎವರ್‌ಶೆಡ್ ಸೂರ್ಯನ ಚಾಚುಗಳನ್ನು ವರ್ಷಗಟ್ಟಲೆ ಪರಿಶೀಲಿಸಿ ದಾಖಲಿಸಿದರು.

ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ಸಾಧನೆ ಗ್ರಹಣದ ಹಿಂದೆ ಖಂಡಾಂತರ ಓಡಿದವರದ್ದಲ್ಲ. ಹೊಸದೇನೂ ಕಾಣದ ದಿನಗಳಲ್ಲೂ ಬೆಳಿಗ್ಗೆ ಎದ್ದು ಫಲಕ ಹಾಕಿ, ತೊಳೆದು, ತಾರೀಕು ಬರೆದು ಇಟ್ಟವರದ್ದು. ಅದಕ್ಕೆ ಕಾರಣ ಹೇಳುತ್ತೇನೆ. ಸೂರ್ಯನ ಮೇಲೆ ಕಾಂತಕ್ಷೇತ್ರದ ಉತ್ತರ ಧ್ರುವತೆ ಮತ್ತು ದಕ್ಷಿಣ ಧ್ರುವತೆ ಕೂಡುವ ಗಡಿಯಲ್ಲೇ ಈ ಕಪ್ಪು ಎಳೆಗಳು ನಿಲ್ಲುತ್ತವೆ. ಎಳೆ ಎಲ್ಲಿದೆ ಎಂದು ಗುರುತಿಸಿದರೆ ಕಾಂತದ ಗಡಿ ಎಲ್ಲಿತ್ತೆಂದು ತಿಳಿಯುತ್ತದೆ. 1980ರ ದಶಕದಲ್ಲಿ ಮಕರೋವ್ ಮತ್ತು ಕೆ.ಆರ್. ಶಿವರಾಮನ್ ಎಂಬ ವಿಜ್ಞಾನಿಗಳು ಕೊಡೈಕನಾಲಿನ ಹಳೆಯ ಫಲಕಗಳನ್ನು ಹರಡಿಕೊಂಡು, ಸೂರ್ಯನ ಧ್ರುವಗಳು ಯಾವ ಯಾವ ಕಾಲದಲ್ಲಿ ಅದಲುಬದಲಾದವು ಎಂದು ಓದಿದರು. ಧ್ರುವಗಳ ಕಾಂತಕ್ಷೇತ್ರವನ್ನು ಅಳೆಯುವ ಉಪಕರಣವೇ ಇಲ್ಲದಿದ್ದ ಕಾಲದ ಫಲಕಗಳು ಅವು. ಫಲಕ ತೆಗೆದವರಿಗೆ ಇಂಥ ಉಪಯೋಗ ಒಂದು ದಿನ ಬರುತ್ತದೆಂದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆ ಸಂಗ್ರಹ ಈಗ ಡಿಜಿಟಲ್ ರೂಪಕ್ಕೆ ಬಂದು ಜಗತ್ತಿನ ವಿಜ್ಞಾನಿಗಳಿಗೆಲ್ಲ ಸಿಗುತ್ತಿದೆ.

1930ರ ಸುಮಾರಿಗೆ ಫ್ರಾನ್ಸಿನ ಬರ್ನಾರ್ ಲಿಯೋ ದೂರದರ್ಶಕದ ಒಳಗೇ ಒಂದು ಬಿಲ್ಲೆಯನ್ನು ಅಡ್ಡ ಇಟ್ಟು ಕೃತಕ ಗ್ರಹಣ ಮಾಡಿದರು. ಬಹುಪಾಲು ಅದೇ ತತ್ವ ನಮ್ಮ ಆದಿತ್ಯ ಎಲ್-1 ನೌಕೆಯಲ್ಲಿದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ಅದರ ಕರೋನಾದರ್ಶಕವನ್ನು ಜೋಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಬಿಂಬದ ಬೆಳಕು ಕನ್ನಡಿಯ ನಡುವಿನ ರಂಧ್ರದಿಂದ ಹೊರಬಿದ್ದು ಹೋಗುತ್ತದೆ, ಸುತ್ತಲಿನ ಮಂದ ಬೆಳಕಷ್ಟೇ ಮುಂದಕ್ಕೆ ಸಾಗುತ್ತದೆ.

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ. ಮಳೆಗಾಲ, ಮೋಡ ಬಿಟ್ಟುಕೊಡಬೇಕು. ನೀವೂ ಚಿತ್ರ ತೆಗೆಯಿರಿ, ಆದರೆ ಸೌರ ಶೋಧಕವನ್ನು, ಅಂದರೆ ಸೋಲಾರ್ ಫಿಲ್ಟರನ್ನು, ಲೆನ್ಸಿನ ಮುಂದೆ ಕಟ್ಟಿಯೇ ತೆಗೆಯಿರಿ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ಕಪ್ಪು ಕನ್ನಡಕ ಯಾವುದೂ ಬೇಡ. ಅವುಗಳಿಂದ ಕಣ್ಣಿಗೆ ರಕ್ಷಣೆ ಇಲ್ಲ. ಶೋಧಕ ಸಿಗದಿದ್ದರೆ ರಟ್ಟಿನಲ್ಲಿ ಸೂಜಿಯಿಂದ ಸಣ್ಣ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಗೋಡೆಯ ಮೇಲೆ ಬಿದ್ದ ಬಿಂಬವನ್ನು ಮಕ್ಕಳಿಗೆ ತೋರಿಸಿ, ಅದರ ಫೋಟೋವನ್ನೇ ತೆಗೆಯಿರಿ.